ಬೆಳಕು ಕಾಣದೆ ಬೆಳೆಯಬೇಕಾದ ಆಲೂಗಡ್ಡೆ

ಅಡುಗೆಮನೆಯ ಬುಟ್ಟಿಯ ತಳದಲ್ಲಿ ಉಳಿದ ಆಲೂಗಡ್ಡೆಯೊಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಕಣ್ಣುಗಳು ಒಂದು ತುದಿಯಲ್ಲಿ ಒತ್ತೊತ್ತಾಗಿದ್ದು, ಅಲ್ಲಿಂದ ಸುರುಳಿಯಾಗಿ ಇನ್ನೊಂದು ತುದಿಯತ್ತ ಇಳಿದಿರುತ್ತವೆ. ರೆಂಬೆಯ ಮೇಲೆ ಮೊಗ್ಗುಗಳು ಕೂರುವ ಕ್ರಮವೇ ಇದು. ಕ್ಯಾರೆಟ್, ಸಿಹಿಗೆಣಸು ಬೇರುಗಳು. ಆಲೂಗಡ್ಡೆ ಮಣ್ಣೊಳಗೆ ಊದಿಕೊಂಡ ಕಾಂಡ. ಈ ಒಂದು ಸಂಗತಿ ಮನಸ್ಸಿಗೆ ಹೊಕ್ಕರೆ ಅದರ ಆರೈಕೆಯ ಬಹುಪಾಲು ತಾನಾಗಿ ಅರ್ಥವಾಗುತ್ತದೆ.

ಕಾಂಡವಾದ್ದರಿಂದಲೇ ಕತ್ತರಿಸಿ ನೆಡಬಹುದು. ತುಂಡಿಗೆ ಎರಡು ಕಣ್ಣಾದರೂ ಇರಲಿ, ತೂಕ 30–40 ಗ್ರಾಂಗೆ ಕಡಿಮೆಯಾಗದಿರಲಿ. ಕೊಯ್ದ ಭಾಗಕ್ಕೆ ಬೂದಿ ಸವರಿ, ನೆರಳಲ್ಲಿ ಎರಡು ದಿನ ಆರಲು ಬಿಟ್ಟರೆ ಮಣ್ಣಲ್ಲಿ ಕೊಳೆಯುವ ಭಯ ಕಡಿಮೆ. ಆಗಷ್ಟೇ ಕಿತ್ತ ಗಡ್ಡೆಯನ್ನು ನೆಟ್ಟು ಕಾಯುವುದು ವ್ಯರ್ಥ. ಸುಮಾರು ಎರಡು ತಿಂಗಳು ಅದು ನಿದ್ದೆಯಲ್ಲಿರುತ್ತದೆ. ಗಿಡ್ಡ, ಗಟ್ಟಿ ಮೊಳಕೆ ಬಂದದ್ದನ್ನೇ ಆರಿಸಿಕೊಳ್ಳಿ.

ಕಾಲದ ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ರಾತ್ರಿಯ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದ್ದರೆ ಗಿಡ ಸೊಂಪಾಗಿ ಬೆಳೆದರೂ ಕೆಳಗೆ ಗಡ್ಡೆ ಕಟ್ಟುವುದು ಕುಂಠಿತವಾಗುತ್ತದೆ. ಹಾಸನದ ತಂಪು ಹವೆಯಲ್ಲಿ ರೈತರು ಮುಂಗಾರಿಗೇ ಬಿತ್ತುತ್ತಾರೆ. ಬಯಲುಸೀಮೆಯ ಅಂಗಳಕ್ಕೆ ಅಕ್ಟೋಬರ್–ನವೆಂಬರ್ ಒಳ್ಳೆಯದು.

ಕೊಟ್ಟಿಗೆ ಗೊಬ್ಬರ ಬೆರೆಸಿದ ಸಡಿಲ ಮಣ್ಣಲ್ಲಿ ಮೂರು ಬೆರಳು ಆಳಕ್ಕೆ ನೆಡಿ. ಗಿಡ ಗೇಣುದ್ದ ಬಂದಾಗ ಬುಡಕ್ಕೆ ಮಣ್ಣೇರಿಸಬೇಕು; ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ. ಈ ಬೇಸಾಯದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಇದು, ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ನೆಟ್ಟ ತುಂಡಿನ ಮೇಲ್ಭಾಗದಲ್ಲಿ, ಮಣ್ಣೊಳಗಿನ ಕಾಂಡದಿಂದ ಬಿಳಿ ಎಳೆಗಳು ಅಡ್ಡಡ್ಡ ಹೊರಟು, ಅವುಗಳ ತುದಿ ಊದಿ ಗಡ್ಡೆಯಾಗುತ್ತದೆ. ಎಳೆಗೆ ಬೆಳಕು ತಾಗಿತೋ, ಅದು ಗಡ್ಡೆಯಾಗುವುದನ್ನು ಬಿಟ್ಟು ಎಲೆ ಬಿಡುತ್ತದೆ. ಗಡ್ಡೆಗೇ ಬೆಳಕು ಬಿದ್ದರೆ ಹಸಿರಾಗುತ್ತದೆ, ಜೊತೆಗೆ ಸೊಲನಿನ್ ಎಂಬ ಕಹಿ ವಿಷವೂ ಹೆಚ್ಚುತ್ತದೆ. ಬೇಯಿಸಿದರೂ ಆ ವಿಷ ಹೋಗದು. ಅಂಥ ಗಡ್ಡೆಯನ್ನು ಎಸೆಯುವುದೇ ಸರಿ. ಅಂಗಳವಿಲ್ಲದವರು ಗೋಣಿಚೀಲದ ಬಾಯಿ ಅರ್ಧಕ್ಕೆ ಮಡಚಿ ನೆಟ್ಟು, ಗಿಡ ಎದ್ದಂತೆ ಮಡಿಕೆ ಬಿಚ್ಚುತ್ತಾ ಮಣ್ಣು ತುಂಬಬಹುದು.

ಮೋಡ, ಜಿನುಗು ಮಳೆ ಬಂದಾಗ ಬೆಳಿಗ್ಗೆ ಎಲೆ ಮಗುಚಿ ನೋಡುತ್ತಿರಿ. ಅಂಚಿನಲ್ಲಿ ಕಪ್ಪು ಮಚ್ಚೆ, ಅಡಿಯಲ್ಲಿ ಬಿಳಿ ಬೂಷ್ಟು ಕಂಡರೆ ಅದು ಅಂಗಮಾರಿ. 1845ರಿಂದ ಐರ್ಲೆಂಡನ್ನು ಹಸಿವಿಗೆ ದೂಡಿದ್ದು, ಹಾಸನದಲ್ಲಿ ಎಷ್ಟೋ ಮಂದಿ ಈ ಬೆಳೆಯನ್ನೇ ಬಿಡುವಂತೆ ಮಾಡಿದ್ದು ಇದೇ ರೋಗ. ಪಕ್ಕದ ಟೊಮೆಟೊಗೂ ಹರಡುತ್ತದೆ. ರೋಗ ತಗುಲಿದ ಗಿಡವನ್ನು ಕೂಡಲೇ ಕಿತ್ತು ದೂರ ಹೂಳಿ. ನೀರನ್ನು ಎಲೆಯ ಮೇಲೆ ಸುರಿಯದೆ ಬುಡಕ್ಕಷ್ಟೇ ಕೊಡಿ.

ಮೂರು ತಿಂಗಳ ಹೊತ್ತಿಗೆ ಎಲೆ ಹಳದಿಯಾಗುತ್ತದೆ. ನೀರು ನಿಲ್ಲಿಸಿ ಹತ್ತು ದಿನ ಕಾದು, ಒಂದು ಗಡ್ಡೆ ಕಿತ್ತು ಹೆಬ್ಬೆರಳಿನಿಂದ ಉಜ್ಜಿ. ಸಿಪ್ಪೆ ಸುಲಿದು ಬಂದರೆ ಇನ್ನೂ ಒಂದು ವಾರ ಮಣ್ಣಲ್ಲಿರಲಿ. ಸುಲಿಯದಿದ್ದರೆ ಉಳಿದದ್ದನ್ನೆಲ್ಲ ಅಗೆದು, ತೊಳೆಯದೆ ನೆರಳಲ್ಲಿ ಹರಡಿ.