ಬಾಕಿ ತೀರಿಸಬೇಕಾದವರು ಯಾರು: ಕಂಪನಿಯೋ, ಮಾಲೀಕರೋ?

ಪೀಣ್ಯದ ಸಣ್ಣ ವರ್ಕ್‌ಶಾಪೊಂದು ಆರು ಲಕ್ಷ ರೂಪಾಯಿಯ ಬಿಡಿಭಾಗ ಮಾಡಿಕೊಟ್ಟಿದೆ ಎಂದಿಟ್ಟುಕೊಳ್ಳಿ. ಫೋನಿನಲ್ಲಿ ಆರ್ಡರ್ ಹೇಳಿದವರು ನಿರ್ದೇಶಕರು. ಪರ್ಚೇಸ್ ಆರ್ಡರ್ ಬಂದದ್ದು ಅವರ ಪ್ರೈವೇಟ್ ಲಿಮಿಟೆಡ್ ಕಂಪನಿಯಿಂದ. ಮಾಲು ಇಳಿದದ್ದು ಅದೇ ಕುಟುಂಬದ ಇನ್ನೊಂದು ಕಂಪನಿಯ ಗೋದಾಮಿನಲ್ಲಿ. ಬಾಕಿ ಕೇಳಿದರೆ, 'ಆ ಕಂಪನಿಯಲ್ಲಿ ದುಡ್ಡಿಲ್ಲ' ಎಂಬ ಉತ್ತರ. ದಾವೆ ಹೂಡುವುದು ಯಾರ ಮೇಲೆ?

ಕರಾರು ಯಾರ ಜೊತೆ ಆಯಿತೋ ಅವರ ಮೇಲೆ. ನೋಂದಣಿಯಾದ ಕಂಪನಿ ಕಾನೂನಿನ ದೃಷ್ಟಿಯಲ್ಲಿ ಪ್ರತ್ಯೇಕ ವ್ಯಕ್ತಿ. ಅದರ ಸಾಲ ಅದರದ್ದೇ. ಲಂಡನ್ನಿನ ಬೂಟು ತಯಾರಕ ಸಾಲೊಮನ್ ತನ್ನ ಕಂಪನಿಯ 20,007 ಷೇರುಗಳ ಪೈಕಿ 20,001 ಷೇರು ಹೊಂದಿದ್ದ. ಆದರೂ ಕಂಪನಿಯ ಸಾಲಕ್ಕೆ ಅವನು ಹೊಣೆಯಲ್ಲ ಎಂದು ಹೌಸ್ ಆಫ್ ಲಾರ್ಡ್ಸ್ 1896ರಲ್ಲಿ ತೀರ್ಪು ಕೊಟ್ಟಿತು. ನಮ್ಮ 2013ರ ಕಂಪನಿ ಕಾಯ್ದೆಯೂ ಇದೇ ತತ್ವದ ಮೇಲೆ ನಿಂತಿದೆ. ಪಾಲುದಾರಿಕೆ ಸಂಸ್ಥೆಯಾದರೆ ಮಾತು ಬೇರೆ: ಸಂಸ್ಥೆಯ ಸಾಲಕ್ಕೆ ಪಾಲುದಾರರು ಸ್ವಂತ ಆಸ್ತಿಯಿಂದಲೂ ಹೊಣೆ. ಪ್ರೊಪ್ರೈಟರ್ ಅಂಗಡಿಗೆ ಮಾಲೀಕನೇ ಹೊಣೆ.

ನಿರ್ದೇಶಕರು ಸ್ವತಃ ಸಿಕ್ಕಿಕೊಳ್ಳುವ ಸಂದರ್ಭಗಳೂ ಇವೆ. ವೈಯಕ್ತಿಕ ಖಾತರಿ ಬರೆದುಕೊಟ್ಟಿದ್ದರೆ, ಕಂಪನಿಯ ಹೆಸರೆತ್ತದೆ ತಮ್ಮ ಹೆಸರಿನಲ್ಲೇ ವ್ಯವಹಾರ ಕುದುರಿಸಿದ್ದರೆ ಅವರನ್ನು ಕೇಳಬಹುದು. ಕಂಪನಿಯ ಚೆಕ್ ಬೌನ್ಸ್ ಆದರೆ, ವ್ಯವಹಾರ ನೋಡಿಕೊಳ್ಳುತ್ತಿದ್ದವರೂ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138 ಮತ್ತು 141ನೇ ಕಲಮಿನಡಿ ಆರೋಪಿಗಳಾಗಬಹುದು; ಬೌನ್ಸ್ ಆದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸ್ ಹೋಗಿರಬೇಕು. ಮೋಸಕ್ಕೆಂದೇ ಕಂಪನಿಯನ್ನು ಮರೆ ಮಾಡಿಕೊಂಡಿದ್ದರೆ ನ್ಯಾಯಾಲಯ ಆ ಮರೆಯನ್ನು ಸರಿಸಿ ಹಿಂದಿರುವವರನ್ನು ನೋಡುತ್ತದೆ. ಆದರೆ ಬರೀ ಬಾಕಿ ಉಳಿಸಿಕೊಂಡದ್ದು ಮೋಸಕ್ಕೆ ಪುರಾವೆಯಲ್ಲ. ಒಂದೇ ಕುಟುಂಬ, ಒಂದೇ ವಿಳಾಸ ಎಂಬುದೂ ಸಾಲದು. ಮೇಲಿನ ಉದಾಹರಣೆಯಲ್ಲಿ ಗೋದಾಮಿನ ಕಂಪನಿ ಸಾಮಾನ್ಯವಾಗಿ ಪಾರಾಗುತ್ತದೆ. ಆರ್ಡರ್ ಕೊಟ್ಟ ಕಂಪನಿಯೇ ಹೊಣೆ.

ಆ ಕಂಪನಿಯಿಂದ ವಸೂಲಿಗೆ ದಾರಿಗಳಿವೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ 2006ರ ಎಂಎಸ್‌ಎಂಇ ಕಾಯ್ದೆ ದೊಡ್ಡ ಬಲ. ಒಪ್ಪಂದದಲ್ಲಿ ಏನೇ ಬರೆದಿರಲಿ, ಮಾಲು ಸ್ವೀಕರಿಸಿದ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ತಿಂಗಳ ಲೆಕ್ಕದಲ್ಲಿ. ದೂರನ್ನು ಈ ಕಾಯ್ದೆಯಡಿ ರಚಿಸಲಾದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಸಲ್ಲಿಸಬಹುದು. ಮಾಲು ಕೊಡುವ ಮೊದಲೇ ಉದ್ಯಮ್ ನೋಂದಣಿ ಆಗಿರುವುದು ಕ್ಷೇಮ. ದಿವಾಳಿ ಸಂಹಿತೆಯಡಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿಗೆ ಹೋಗಲು ಬಾಕಿ ಕನಿಷ್ಠ 1 ಕೋಟಿ ರೂಪಾಯಿ ಇರಬೇಕು. ಸಿವಿಲ್ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು. ಅದು ಮುಗಿಯುವ ಮೊದಲು 'ಇಷ್ಟು ಬಾಕಿ ಇದೆ' ಎಂದು ಕಂಪನಿ ಸಹಿ ಹಾಕಿ ಬರೆದುಕೊಟ್ಟರೆ, ಆ ದಿನದಿಂದ ಗಡುವು ಹೊಸದಾಗಿ ಶುರುವಾಗುತ್ತದೆ.

ಇಷ್ಟೆಲ್ಲ ದಾರಿಗಳಿದ್ದರೂ ಖಾಲಿ ಕಂಪನಿಯ ವಿರುದ್ಧ ಪಡೆದ ಡಿಕ್ರಿಯಿಂದ ಕೈಗೆ ಕಾಸು ಬರುವುದಿಲ್ಲ. ಆದ್ದರಿಂದ ಲಾರಿಗೆ ಮಾಲು ಏರಿಸುವ ಮೊದಲೇ ಪರ್ಚೇಸ್ ಆರ್ಡರ್, ಚಲನ್, ಬಿಲ್ ಮೂರರಲ್ಲೂ ಒಂದೇ ಕಂಪನಿಯ ಪೂರ್ಣ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆ ಇವೆಯೇ ನೋಡಿ. ಲೆಟರ್‌ಹೆಡ್‌ನಲ್ಲಿರುವ ಸಿಐಎನ್ ಎಂಬ ಕಂಪನಿ ಗುರುತಿನ ಸಂಖ್ಯೆಯನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹಾಕಿ ಪರಿಶೀಲಿಸಿ. ಮೊತ್ತ ದೊಡ್ಡದಾದರೆ ಮುಂಗಡ ಕೇಳಿ, ಇಲ್ಲವೇ ನಿರ್ದೇಶಕರ ಖಾತರಿಯನ್ನು ಬರವಣಿಗೆಯಲ್ಲಿ ಪಡೆಯಿರಿ. ಹಾಗೆ ಕೇಳಲು ಸಂಕೋಚಪಡಬೇಡಿ. ಅದು ಅಪನಂಬಿಕೆಯಲ್ಲ, ನಿಮ್ಮ ದುಡಿಮೆಗೆ ನೀವು ಕೊಡುವ ರಕ್ಷಣೆ.