ಹರಿಗೋಲಿನ ಹದ, ವೇಗದೋಣಿಯ ಹೊಣೆ

ವೇಗವು ಮಾನವನ ಹಳೆಯ ಹಂಬಲಗಳಲ್ಲಿ ಒಂದು. ಸೈಕಲ್ಲು ತುಳಿಯುವವನಿಗೆ ಮೋಟಾರ್ ಸೈಕಲ್ಲಿನ ಆಸೆ. ಅದು ಕೈಗೆ ಬಂದ ಮೇಲೆ ಕಾರಿನ ಆಸೆ. ಈ ಹಂಬಲವನ್ನು ದೋಷವೆಂದು ಹಳಿಯುವುದು ನಮ್ಮ ಉದ್ದೇಶವಲ್ಲ. ಹಂಬಲವಿಲ್ಲದಿದ್ದರೆ ಮನುಷ್ಯನು ಹೊಳೆಯ ಈ ದಡದಲ್ಲಿಯೇ ನಿಂತಿರುತ್ತಿದ್ದನು. ಆದರೆ ವಾಹನವು ಹಿರಿದಾದಂತೆ ಅದನ್ನು ನಡೆಸುವವನ ಅರಿವೂ ಹಿರಿದಾಗಬೇಕೆಂಬುದನ್ನು ನಾವು ಎಷ್ಟೋ ವೇಳೆ ಮರೆಯುತ್ತೇವೆ. ನೆಲದ ಮೇಲೆ ಈ ಮರೆವಿಗೆ ಒಮ್ಮೊಮ್ಮೆ ಕ್ಷಮೆಯುಂಟು. ನೀರಿನ ಮೇಲೆ ಅದು ಬಲು ವಿರಳ.

ಮಳವಳ್ಳಿ ತಾಲ್ಲೂಕಿನ ನಮ್ಮ ಬೆಳಕವಾಡಿ ಸೀಮೆಯ ಮನೆಗಳ ಮಕ್ಕಳು ಇಂದು ದೂರದ ನಾಡುಗಳಲ್ಲಿ ನೆಲೆಸಿದ್ದಾರೆ. ಅಮೆರಿಕ, ಆಸ್ಟ್ರೇಲಿಯಾಗಳ ಸರೋವರ ಪ್ರದೇಶಗಳಲ್ಲಿ ಮನೆಗೊಂದು ದೋಣಿಯಿರುವುದು ಅಪರೂಪವೇನಲ್ಲ. ಮೊದಲು ನಾಲ್ಕೈದು ಜನ ಕೂರುವ ಪುಟ್ಟ ಮೋಟಾರು ದೋಣಿ; ಕೈ ಪಳಗಿತೆಂದು ತೋರಿದ ಮೇಲೆ ನೂರಾರು ಅಶ್ವಶಕ್ತಿಯ ವೇಗದೋಣಿ. "ಮಗ ದೊಡ್ಡ ದೋಣಿ ಕೊಳ್ಳುತ್ತಾನಂತೆ, ಮೊಮ್ಮಕ್ಕಳನ್ನೂ ಕೂರಿಸಿಕೊಂಡು ಹೋಗುತ್ತಾನಂತೆ. ಬೇಡವೆನ್ನಲೋ, ಆಗಲಿ ಎನ್ನಲೋ, ಅಯ್ನೋರೇ?" ಎಂದು ಹಿರಿಯರೊಬ್ಬರು ನಮ್ಮನ್ನು ಕೇಳಿದರು. ಬೇಡವೆನ್ನುವುದು ಸುಲಭ, ಆಗಲಿ ಎನ್ನುವುದು ಇನ್ನೂ ಸುಲಭ. ಇವೆರಡರ ನಡುವೆ ಹೇಳಬೇಕಾದ ಕೆಲವು ಮಾತುಗಳಿವೆ. ಅವು ಇತರ ಮನೆಗಳಿಗೂ ಉಪಯೋಗವಾಗಬಹುದೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ನಮ್ಮ ಕಾವೇರಿಯನ್ನೇ ನೋಡೋಣ. ಶಿವನಸಮುದ್ರದ ಸಮೀಪದಲ್ಲಿ ಹೊಳೆಯು ಕವಲೊಡೆದು, ಬಂಡೆಗಳ ನಡುವೆ ನುಸುಳಿ, ಗಗನಚುಕ್ಕಿ ಭರಚುಕ್ಕಿಗಳಾಗಿ ಧುಮುಕುತ್ತದೆ. ೧೯೦೨ರಲ್ಲಿ ಇಲ್ಲಿಯ ನೀರಿನಿಂದಲೇ ವಿದ್ಯುತ್ತನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದರು. ಅಷ್ಟು ಬಲವುಳ್ಳ ಹೊಳೆಯನ್ನು ನಮ್ಮ ಜನ ದಾಟುತ್ತಿದ್ದುದು ಹರಿಗೋಲಿನಲ್ಲಿ. ಬಿದಿರಿನ ಹೆಣಿಗೆ, ಅದಕ್ಕೆ ಹಿಂದೆ ಚರ್ಮದ ಹೊದಿಕೆ, ಈಚೆಗೆ ಟಾರು ಬಳಿದ ಪ್ಲಾಸ್ಟಿಕ್ ಹಾಳೆ. ನಡೆಸಲು ಒಂದು ಹುಟ್ಟು. ಅದು ಗೇಣುದ್ದ ನೀರಿನಲ್ಲಿಯೂ ತೇಲುತ್ತದೆ. ಬಂಡೆ ತಗುಲಿದರೆ ಒಡೆಯದೆ ಬಳುಕುತ್ತದೆ. ವೇಗವೊಂದು ಅದಕ್ಕಿಲ್ಲ. ಆದರೆ ಆ ಹೊಳೆಗೆ ಅದಕ್ಕಿಂತ ಒಪ್ಪುವ ವಾಹನವಿಲ್ಲ. ಬಂಡೆಗಳು ಮರೆಯಲ್ಲಿರುವ ಆ ನೀರಿಗೆ ವೇಗದೋಣಿಯನ್ನು ಇಳಿಸಿದರೆ ಅದರ ಪ್ರೊಪೆಲ್ಲರು ಮೊದಲ ಫರ್ಲಾಂಗಿನಲ್ಲೇ ಮುರಿದೀತು.

ಹರಿಗೋಲು ನಡೆಸುವ ಅಂಬಿಗನ ವಿದ್ಯೆ ಹುಟ್ಟಿನಲ್ಲಿರುವುದಕ್ಕಿಂತ ಹೆಚ್ಚಾಗಿ ಕಣ್ಣಿನಲ್ಲಿದೆ. ನೀರಿನ ಬಣ್ಣ ಬದಲಾದರೆ ಮೇಲೆ ಮಳೆಯಾಗಿದೆಯೆಂದು ಅವನು ತಿಳಿಯುತ್ತಾನೆ. ಸುಳಿಯ ಸುತ್ತನ್ನು ನೋಡಿ ಕೆಳಗೆ ಬಂಡೆಯಿದೆಯೆಂದು ಊಹಿಸುತ್ತಾನೆ. ಪ್ರವಾಹ ಬಂದ ದಿನ ಹರಿಗೋಲನ್ನು ದಡಕ್ಕೆಳೆದು ಕೂರುತ್ತಾನೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನವರ ಕಾಯಕವೂ ಇದೇ ಆಗಿತ್ತು. ಇತರರ ಪ್ರಾಣವನ್ನು ತನ್ನ ಕೈಯಲ್ಲಿ ಹಿಡಿದು ದಡ ಮುಟ್ಟಿಸುವುದು ಹಗುರವಾದ ಕಾಯಕವಲ್ಲ.

ದೋಣಿಗಳ ಆಯ್ಕೆಯ ಪ್ರಶ್ನೆಯೂ ಹೊಸದಲ್ಲ. ಭೋಜರಾಜನ ಹೆಸರಿನಲ್ಲಿರುವ 'ಯುಕ್ತಿಕಲ್ಪತರು' ಎಂಬ ಸಂಸ್ಕೃತ ಗ್ರಂಥವು ನೀಳವಾದ ಹಡಗುಗಳಲ್ಲಿ ಹತ್ತು ಬಗೆಗಳನ್ನು ಹೇಳಿ, ಉದ್ದವು ಅಗಲದ ಎಂಟರಷ್ಟಿರಬೇಕೆಂದು ಅಳತೆ ಕೊಡುತ್ತದೆ. ಆ ಹತ್ತರಲ್ಲಿ ಲೋಲಾ, ಗಾಮಿನೀ, ಪ್ಲಾವಿನೀ ಎಂಬ ಮೂರು ಅಶುಭವೆಂದು ಅದರ ಅಭಿಪ್ರಾಯ. ಆದರೆ 'ವೇಗಿನೀ' ಎಂಬುದು ಆ ನಿಷೇಧದಲ್ಲಿ ಸೇರಿಲ್ಲ! ಎಂದರೆ ನಮ್ಮ ಪೂರ್ವಿಕರು ವೇಗವನ್ನು ನಿಂದಿಸಲಿಲ್ಲ; ದೋಣಿಗೆ ಅಳತೆಯಿರಬೇಕೆಂದರು.

ಇನ್ನು ಯಂತ್ರದ ವಿಚಾರ. ನಾರ್ವೆಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಓಲೆ ಎವಿನ್ರೂಡ್ ಎಂಬಾತನು ೧೯೦೯ರಲ್ಲಿ ದೋಣಿಯ ಹಿಂಬದಿಗೆ ತೂಗುಹಾಕುವ ಯಂತ್ರವನ್ನು ಮಾರಾಟಕ್ಕೆ ತಂದನು. ಔಟ್‌ಬೋರ್ಡ್ ಎಂದು ಕರೆಯಲ್ಪಡುವ ಈ ಯಂತ್ರವನ್ನೇ ನಮ್ಮ ಕರಾವಳಿಯ ನಾಡದೋಣಿಗಳಲ್ಲಿಯೂ ಇಂದು ಕಾಣಬಹುದು. ನೀರನ್ನು ಸೀಳಿಕೊಂಡು ಸಾಗುವ ದೋಣಿಗೆ ಒಂದು ಸಹಜವಾದ ಮಿತಿಯುಂಟು. ೧೬ ಅಡಿಯ ದೋಣಿಯಾದರೆ ಅದು ಗಂಟೆಗೆ ಸುಮಾರು ೧೦ ಕಿಲೋಮೀಟರು. ಅದನ್ನು ಮೀರಬೇಕಾದರೆ ದೋಣಿಯು ನೀರನ್ನು ಸೀಳುವುದನ್ನು ಬಿಟ್ಟು ನೀರಿನ ಮೇಲಕ್ಕೆದ್ದು ಜಾರಬೇಕು. ಪುಟ್ಟ ಮೋಟಾರು ದೋಣಿಯೂ ಜಾರುತ್ತದೆ, ವೇಗದೋಣಿಯೂ ಜಾರುತ್ತದೆ. ಭೇದವಿರುವುದು ಅಡಿಮೈಯ ಆಕಾರದಲ್ಲಿ. ಚಪ್ಪಟೆಯಾದ ಅಡಿಮೈ ಅಲೆಗೆ ಬಡಿದಾಗ ಕೂತವರ ಬೆನ್ನೆಲುಬಿಗೇ ಪೆಟ್ಟು. ರೇ ಹಂಟ್ ಎಂಬ ಶಿಲ್ಪಿಯು ಉದ್ದಕ್ಕೂ ಆಳವಾದ 'ವಿ' ಆಕಾರದ ಅಡಿಮೈಯನ್ನು ರೂಪಿಸಿದನು. ಆ ಬಗೆಯ ಮಾಪಿ ಎಂಬ ದೋಣಿಯು ೧೯೬೦ರಲ್ಲಿ ಮಯಾಮಿಯಿಂದ ನಸ್ಸೌವರೆಗಿನ ಸ್ಪರ್ಧೆಯನ್ನು ಬಿರುಸಾದ ಕಡಲಿನಲ್ಲಿ ಗೆದ್ದಿತು. ಇಂದಿನ ವೇಗದೋಣಿಗಳಲ್ಲಿ ಬಹುಪಾಲು ಅದರ ಸಂತತಿ.

ಈಗ ಲೆಕ್ಕವನ್ನು ಗಮನಿಸಬೇಕು. ಪುಟ್ಟ ದೋಣಿಯು ಗಂಟೆಗೆ ೪೦ ಕಿಲೋಮೀಟರು ಓಡಿದರೆ ಒಂದು ಸೆಕೆಂಡಿಗೆ ೧೧ ಮೀಟರು ಸಾಗುತ್ತದೆ. ವೇಗದೋಣಿಯು ೧೨೦ ಕಿಲೋಮೀಟರು ಓಡಿದರೆ ಸೆಕೆಂಡಿಗೆ ೩೩ ಮೀಟರು. ವೇಗ ಮೂರು ಪಟ್ಟಾಯಿತು. ಆದರೆ ಅದೇ ತೂಕಕ್ಕೆ ಪೆಟ್ಟಿನ ಶಕ್ತಿ ಒಂಬತ್ತು ಪಟ್ಟಾಯಿತು. ದೋಣಿಗೆ ಕಾರಿನಂತೆ ಬ್ರೇಕಿಲ್ಲ. ಚುಕ್ಕಾಣಿಯ ಹಿಡಿತವೂ ಬಹುಮಟ್ಟಿಗೆ ಪ್ರೊಪೆಲ್ಲರಿನ ನೂಕಿನಿಂದಲೇ ಬರುವುದರಿಂದ, ಗಾಬರಿಯಾಗಿ ಥ್ರಾಟಲನ್ನು ಒಮ್ಮೆಲೇ ಇಳಿಸಿದವನು ತಿರುಗಿಸುವ ಶಕ್ತಿಯನ್ನೂ ಕಳೆದುಕೊಳ್ಳುತ್ತಾನೆ. ಸಣ್ಣ ದೋಣಿಯಲ್ಲಿ ಪಳಗಿದ ಕೈಗೆ ಅಪಾಯವಿರುವುದು ಇಲ್ಲಿಯೇ. ಅಲ್ಲಿ ತಪ್ಪಿಗೂ ಅದರ ಫಲಕ್ಕೂ ನಡುವೆ ಸ್ವಲ್ಪ ಅವಕಾಶವಿತ್ತು. ಇಲ್ಲಿ ಆ ಅವಕಾಶವಿಲ್ಲ.

ಕೆಲವರು ಹೊಸ ದೋಣಿಯ ವೆಚ್ಚಕ್ಕೆ ಅಂಜಿ, ಹಳೆಯ ದೋಣಿಗೇ ದೊಡ್ಡ ಯಂತ್ರವನ್ನು ಜೋಡಿಸಲು ಯೋಚಿಸುತ್ತಾರೆ. ಇದು ಎಲ್ಲಕ್ಕಿಂತ ಕೆಟ್ಟ ದಾರಿ. ಯಂತ್ರವನ್ನು ಹೊರುವ ಹಿಂಬದಿಯ ಹಲಗೆ ಆ ತೂಕಕ್ಕೂ ನೂಕಿಗೂ ಕಟ್ಟಿದ್ದಲ್ಲ. ಅಮೆರಿಕದಲ್ಲಿ ೨೦ ಅಡಿಗಿಂತ ಕಿರಿದಾದ ಮೋಟಾರು ದೋಣಿಗಳಲ್ಲಿ ಎಷ್ಟು ಜನ, ಎಷ್ಟು ತೂಕ, ಔಟ್‌ಬೋರ್ಡ್ ಆದರೆ ಎಷ್ಟು ಅಶ್ವಶಕ್ತಿ ಎಂಬುದನ್ನು ಬರೆದ ತಗಡು ಇರಬೇಕೆಂಬ ನಿಯಮವಿದೆ. ಅದನ್ನು ಲಕ್ಷ್ಮಣರೇಖೆಯೆಂದೇ ಬಗೆಯಬೇಕು. ೨೦೨೩ರ ಮೇ ೭ರಂದು ಕೇರಳದ ತಾನೂರಿನಲ್ಲಿ ಮುಳುಗಿ ೨೨ ಜನರನ್ನು ಬಲಿ ತೆಗೆದುಕೊಂಡ ವಿಹಾರದ ದೋಣಿಯು ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿದ್ದೆಂದು ವರದಿಯಾಗಿತ್ತು. ಒಂದು ಕೆಲಸಕ್ಕೆ ಕಟ್ಟಿದ ಒಡಲನ್ನು ಇನ್ನೊಂದು ಕೆಲಸಕ್ಕೆ ಒಗ್ಗಿಸುವಾಗ ಎಷ್ಟು ಎಚ್ಚರವೂ ಸಾಲದು.

ಹೊಸ ಯಂತ್ರವೆಂದರೆ ನಂಬಿಕೆಗೆ ಅರ್ಹವೆಂಬುದೂ ಭ್ರಮೆ. ೨೦೨೪ರ ಡಿಸೆಂಬರ್ ೧೮ರಂದು ಮುಂಬಯಿಯ ಕಡಲಿನಲ್ಲಿ ಯಂತ್ರದ ಪರೀಕ್ಷೆಯಲ್ಲಿದ್ದ ನೌಕಾಪಡೆಯ ವೇಗದೋಣಿಯೊಂದು ಹಿಡಿತ ತಪ್ಪಿ, ಎಲಿಫೆಂಟಾ ದ್ವೀಪಕ್ಕೆ ಹೊರಟಿದ್ದ 'ನೀಲಕಮಲ್' ಎಂಬ ಪ್ರಯಾಣಿಕರ ದೋಣಿಗೆ ಅಪ್ಪಳಿಸಿತು. ಹನ್ನೆರಡಕ್ಕೂ ಹೆಚ್ಚು ಜನ ಸತ್ತರು. ತರಬೇತಿ ಪಡೆದವರ ಕೈಯಲ್ಲಿಯೇ ಹೀಗಾಗಬಹುದಾದರೆ, ವಾರಕ್ಕೊಮ್ಮೆ ದೋಣಿ ಹತ್ತುವ ಗೃಹಸ್ಥನು ಎಷ್ಟು ಜಾಗರೂಕನಾಗಿರಬೇಕು! ಹೊಸ ದೋಣಿಯನ್ನು ಮೊದಲು ಜನವಿಲ್ಲದ ನೀರಿನಲ್ಲಿ, ಮಕ್ಕಳಿಲ್ಲದೆ, ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅರ್ಧ ವೇಗದಲ್ಲಿ ಕಲಿಯಬೇಕು. ಒಂದು ಋತು ಪೂರ್ತಿ ಹೀಗೆ ಕಳೆದರೂ ನಷ್ಟವಿಲ್ಲ.

ನಡೆಸುವವನ ಮೈಗೂ ಯಂತ್ರಕ್ಕೂ ನಡುವೆ ಕಟ್ಟುವ ಒಂದು ದಾರವುಂಟು. ಅವನು ನೀರಿಗೆ ಎಸೆಯಲ್ಪಟ್ಟರೆ ದಾರ ಕಿತ್ತು ಯಂತ್ರ ನಿಲ್ಲುತ್ತದೆ. ಇಲ್ಲವಾದರೆ ಒಡೆಯನಿಲ್ಲದ ದೋಣಿಯು ಸುತ್ತು ಹೊಡೆದು ಬಿದ್ದವನ ಮೇಲೆಯೇ ಬರಬಹುದು. ಅಮೆರಿಕದಲ್ಲಿ ೨೬ ಅಡಿಗಿಂತ ಕಿರಿದಾದ ದೋಣಿಗಳಲ್ಲಿ ಈ ಸಾಧನವನ್ನು ಬಳಸುವುದು ೨೦೨೧ರ ಏಪ್ರಿಲ್ ೧ರಿಂದ ಕಡ್ಡಾಯವಾಗಿದೆ. ಹಾಗೆಯೇ ಲೈಫ್ ಜಾಕೆಟ್ಟು ಪೆಟ್ಟಿಗೆಯಲ್ಲಿದ್ದರೆ ಸಾಲದು, ಮೈಮೇಲಿರಬೇಕು. ೨೦೧೯ರ ಜನವರಿ ೨೧ರಂದು ಕಾರವಾರದ ಬಳಿ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿಯು ಮಗುಚಿ, ಮಕ್ಕಳೂ ಸೇರಿ ಹಲವರು ಪ್ರಾಣ ಕಳೆದುಕೊಂಡುದನ್ನು ನಮ್ಮ ನಾಡು ಮರೆಯಲಾಗದು. ನಮ್ಮ ದೇಶದಲ್ಲಿ ಒಳನಾಡಿನ ಯಂತ್ರದೋಣಿಗಳ ನೋಂದಣಿ ಮತ್ತು ತಪಾಸಣೆಗೆ ೧೯೧೭ರ ಹಳೆಯ ಕಾಯಿದೆಯ ಬದಲಾಗಿ ೨೦೨೧ರಲ್ಲಿ ಹೊಸ ಕಾಯಿದೆ ಬಂದಿದೆ. ಕಾಗದದ ಕಾಯಿದೆಯು ನೀರಿಗಿಳಿಯಬೇಕಾದರೆ ದೋಣಿ ಹತ್ತುವವರೂ ಕೇಳುವ ಅಭ್ಯಾಸ ಮಾಡಿಕೊಳ್ಳಬೇಕು.

ಖರ್ಚಿನ ಮಾತೂ ಇದೆ. ಪೂರ್ಣ ವೇಗದಲ್ಲಿ ಪ್ರತಿ ೧೦ ಅಶ್ವಶಕ್ತಿಗೆ ಗಂಟೆಗೆ ಸುಮಾರು ೪ ಲೀಟರು ಪೆಟ್ರೋಲು ಎಂಬುದು ಬಳಕೆಯ ಲೆಕ್ಕ. ೩೦೦ ಅಶ್ವಶಕ್ತಿಯಾದರೆ ಗಂಟೆಗೆ ನೂರು ಲೀಟರಿಗೂ ಹೆಚ್ಚು. ಕೊಳ್ಳುವ ಬೆಲೆಯನ್ನು ಮಾತ್ರ ನೋಡಿದವನು ಎರಡನೆಯ ವರ್ಷಕ್ಕೆ ದೋಣಿಯನ್ನು ಟಾರ್ಪಾಲಿನ ಕೆಳಗೆ ಮುಚ್ಚಿಡುತ್ತಾನೆ.

ಆದ್ದರಿಂದ ವೇಗದೋಣಿ ಕೊಳ್ಳಬಯಸುವ ಮಕ್ಕಳಿಗೆ ಹಿರಿಯರು ಬೇಡವೆಂದು ಮುನಿಯಬೇಕಾಗಿಲ್ಲ. ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ನೀನು ಓಡಿಸುವ ನೀರು ಎಂಥದು? ಅದರಲ್ಲಿ ಕೂರುವವರು ಯಾರು? ನೀನು ಯಾರಿಂದ ಕಲಿತೆ? ಆಳವೂ ವಿಸ್ತಾರವೂ ಉಳ್ಳ ನೀರು, ಜಾಕೆಟ್ಟು ತೊಟ್ಟ ಜನ, ಬಲ್ಲವರಿಂದ ಪಡೆದ ಶಿಕ್ಷಣ, ಇವು ಮೂರೂ ಇದ್ದರೆ ಹರಸಿ ಕಳುಹಿಸಬಹುದು. ಒಂದು ಕಡಿಮೆಯಾದರೂ ಪುಟ್ಟ ದೋಣಿಯೇ ಲೇಸು. ಯಂತ್ರವನ್ನು ಹಣ ಕೊಟ್ಟು ಒಂದೇ ದಿನದಲ್ಲಿ ತರಬಹುದು. ಹೊಳೆಯ ಬಣ್ಣ ನೋಡಿ ದಡದಲ್ಲಿ ಕೂರುವ ಅಂಬಿಗನ ವಿವೇಕವನ್ನು ಮಾತ್ರ ದಿನದಿನವೂ ಗಳಿಸಬೇಕು.