ಪುನರ್ವಸತಿಯೂ ಓದಿ ಕಲಿಯುವ ವೃತ್ತಿ

ಪಿಯುಸಿ ಮುಗಿದ ಮಕ್ಕಳ ಮುಂದೆ ಮನೆಯವರು ಇಡುವ ಪಟ್ಟಿ ಚಿಕ್ಕದು: ಎಂಬಿಬಿಎಸ್, ಎಂಜಿನಿಯರಿಂಗ್, ನರ್ಸಿಂಗ್, ಬಿ.ಎಡ್. ವಿಕಲಚೇತನರ ಪುನರ್ವಸತಿಯನ್ನೇ ವೃತ್ತಿಯಾಗಿ ಕಲಿಯಬಹುದು ಎಂಬ ಮಾತು ಅಲ್ಲಿ ಬರುವುದು ಅಪರೂಪ. ಆದರೆ 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದರು. ದೇಶದ ಲೆಕ್ಕದಲ್ಲಿ ನೂರಕ್ಕೆ 69 ಮಂದಿ ಹಳ್ಳಿಯವರು. ಆಮೇಲೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, 1995ರ ಕಾನೂನಿನಲ್ಲಿದ್ದ 7 ಬಗೆಯ ವೈಕಲ್ಯಗಳನ್ನು 21ಕ್ಕೆ ಏರಿಸಿತು. ಆಟಿಸಂ, ಪಾರ್ಕಿನ್‌ಸನ್, ಥಲಸ್ಸೀಮಿಯಾ, ಆ್ಯಸಿಡ್ ದಾಳಿಯ ಗಾಯ ಎಲ್ಲವೂ ಈಗ ಪಟ್ಟಿಯಲ್ಲಿವೆ. ಹಕ್ಕು ಇಷ್ಟು ಹಿಗ್ಗಿದ ಮೇಲೆ ಅದನ್ನು ಮನೆಬಾಗಿಲಿಗೆ ಮುಟ್ಟಿಸಬಲ್ಲ ತರಬೇತಾದ ಕೈಗಳೂ ಬೇಕು. ಆ ಕೈಗಳನ್ನು ವಿಶ್ವವಿದ್ಯಾಲಯಗಳು ತಯಾರು ಮಾಡಬೇಕು, ಅದೂ ವಿಜಯಪುರದಂಥ ಊರುಗಳಲ್ಲಿ ಮಾಡಬೇಕು ಎಂಬುದು ನನ್ನ ವಾದ.

ಸೇವಾಭಾವ ಇದ್ದರೆ ಸಾಕು, ಇದಕ್ಕೆ ಪದವಿ ಏಕೆ ಎಂದು ಕೇಳುವವರು ಬಹಳ. ಪಾದ ಒಳಕ್ಕೆ ತಿರುಗಿ ಹುಟ್ಟಿದ ಮಗುವಿನ ಚಿಕಿತ್ಸೆಯನ್ನೇ ನೋಡಿ. ಪೊನ್ಸೆಟಿ ವಿಧಾನದಲ್ಲಿ ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸುತ್ತ ಕೆಲವೇ ವಾರಗಳಲ್ಲಿ ಪಾದ ನೇರಕ್ಕೆ ಬರುತ್ತದೆ. ಮುಂದೆ ಪಟ್ಟಿ ಜೋಡಿಸಿದ ಬೂಟನ್ನು ಮೊದಲ ಮೂರು ತಿಂಗಳು ಹೆಚ್ಚುಕಡಿಮೆ ಇಡೀ ದಿನ, ಆಮೇಲೆ ನಾಲ್ಕೈದು ವರ್ಷ ತುಂಬುವವರೆಗೆ ಮಲಗುವಾಗ ಹಾಕಿಸಬೇಕು. ನಡುವೆ ಬಿಟ್ಟರೆ ಪಾದ ಮತ್ತೆ ತಿರುಗುತ್ತದೆ. ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಕೂರಿಸಿದ ಮಗುವೂ ಅಷ್ಟೆ, ಶಸ್ತ್ರಚಿಕಿತ್ಸೆಯಾದ ಮಾತ್ರಕ್ಕೆ ಮಾತಾಡುವುದಿಲ್ಲ. ಕೇಳಿದ ಸದ್ದನ್ನು ಮಾತಾಗಿ ಗುರುತಿಸಲು ದೀರ್ಘಕಾಲದ ಕಲಿಕೆ ಬೇಕು. ವೈದ್ಯರ ಕೆಲಸ ಮುಗಿದಲ್ಲಿಂದ ಶುರುವಾಗುವ ಈ ವರ್ಷಗಟ್ಟಲೆ ದುಡಿಮೆಗೆ ಮರುಕವೊಂದೇ ಸಾಲದು. ಸರ್ಕಾರವೂ ಇದನ್ನು ಒಪ್ಪಿದೆ: 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯಂತೆ ಅದರ ವ್ಯಾಪ್ತಿಯ ವೃತ್ತಿಗಳಲ್ಲಿ ತೊಡಗುವವರು ಮಾನ್ಯತೆಯ ಶಿಕ್ಷಣ ಪಡೆದು ಹೆಸರು ನೋಂದಾಯಿಸಲೇಬೇಕು.

ಓದುವ ದಾರಿಗಳೂ ಹಲವು. ಪಿಯುಸಿ ವಿಜ್ಞಾನದ ಬಳಿಕ ವಾಕ್ ಮತ್ತು ಶ್ರವಣ ಪದವಿಗೆ ಮೂರು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದರಲ್ಲಿ ದೇಶಕ್ಕೇ ಮಾದರಿ. ಕಲೆ, ವಾಣಿಜ್ಯ ಓದಿದವರು ಪದವಿಯ ಮೇಲೆ ವಿಶೇಷ ಶಿಕ್ಷಣದ ಬಿ.ಎಡ್. ಮಾಡಬಹುದು. ಕೃತಕ ಕಾಲು ತಯಾರಿಸಿ ಕೂರಿಸುವುದಕ್ಕೂ, ಮನೋವೈದ್ಯಕೀಯ ಸಮಾಜಕಾರ್ಯಕ್ಕೂ ಬೇರೆ ಬೇರೆ ಪದವಿಗಳಿವೆ. ಹಾಗಾದರೆ ನೌಕರಿ ಎಲ್ಲಿ ಎಂಬುದು ತಂದೆತಾಯಿಯ ನ್ಯಾಯವಾದ ಪ್ರಶ್ನೆ. ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ 10 ಜನಕ್ಕೊಬ್ಬರು, ಮುಂದಿನ ಹಂತಗಳಲ್ಲಿ 15 ಜನಕ್ಕೊಬ್ಬರು ವಿಶೇಷ ಶಿಕ್ಷಕರಿರಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಹುದ್ದೆಗಳು ಸಾಲುವಷ್ಟು ತುಂಬಿಲ್ಲ ನಿಜ. ಆದರೆ ಅರ್ಹರೇ ಸಿಗುವುದಿಲ್ಲ ಎಂಬ ನೆಪಕ್ಕೆ ಅವಕಾಶ ಕೊಡದಿರಬೇಕಾದರೆ ಮೊದಲು ಓದಿದವರು ತಯಾರಾಗಬೇಕು. ಸರ್ಕಾರದ ಮೇಲಿನ ಒತ್ತಾಯಕ್ಕೂ ಆಗಲೇ ಬಲ.

ವಿಜಯಪುರದಲ್ಲಿಯೇ ಏಕೆ? ಸೊಲ್ಲಾಪುರ ರಸ್ತೆಯಲ್ಲಿ ಬಿಎಲ್‌ಡಿಇ ವಿಶ್ವವಿದ್ಯಾಲಯವಿದೆ, 1986ರಲ್ಲಿ ಆರಂಭವಾದ ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿದೆ, ಆಸ್ಪತ್ರೆಯಿದೆ. ಹತ್ತಿರದಲ್ಲೇ ಟಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಹಳ್ಳಿಗಳೂ ತಾಂಡಾಗಳೂ ಇವೆ. ತಾಂಡಾಗಳ ಎಷ್ಟೋ ಕುಟುಂಬಗಳು ಹಂಗಾಮು ಬಂದರೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗುತ್ತವೆ. ಮಗುವಿನ ಬೂಟು, ವ್ಯಾಯಾಮ, ಮಾತಿನ ತರಬೇತಿ ಕಡಿದುಹೋಗುವುದು ಇಂಥ ತಿಂಗಳುಗಳಲ್ಲೇ. ತಾಯಿಗೆ ಮೊದಲೇ ಕಲಿಸಿ ಕಳಿಸುವುದು, ಹೋದಲ್ಲಿಯ ಆಸ್ಪತ್ರೆಗೆ ಚೀಟಿ ಬರೆದುಕೊಡುವುದು, ಫೋನಿನಲ್ಲಿ ಬೆನ್ನುಹತ್ತುವುದು ದೂರದ ಮಹಾನಗರದ ಪಠ್ಯದಲ್ಲಿ ತಾನಾಗಿ ಬರುವ ಪಾಠಗಳಲ್ಲ. ಈ ಜನರ ನಡುವೆ ಓದಿದವರಿಗೆ ಅವು ಓದಿನ ಭಾಗವೇ ಆಗುತ್ತವೆ.

ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರಲ್ಲ, ಅವರೇ ಸಾಕಲ್ಲವೇ ಎಂಬ ಮಾತೂ ಇದೆ. ಸ್ವತಃ ವಿಕಲಚೇತನರಾದ ಇವರು ಗೌರವಧನದ ಮೇಲೆ ದುಡಿಯುತ್ತ ಪಿಂಚಣಿ ಅರ್ಜಿ, ಗುರುತಿನ ಚೀಟಿಗಳ ಕೆಲಸಕ್ಕೆ ಓಡಾಡುತ್ತಾರೆ. ಅವರಿಗಿರುವ ಅನುಭವ ಯಾವ ಪುಸ್ತಕದಲ್ಲೂ ಸಿಗದು. ಆದರೆ ಆರು ತಿಂಗಳ ಕೂಸಿನ ಕಿವುಡುತನ ಪತ್ತೆಹಚ್ಚುವ ಹೊಣೆಯನ್ನು ಅವರೊಬ್ಬರ ಮೇಲೇ ಹೊರಿಸುವುದು ಅನ್ಯಾಯ. ಅವರ ಅನುಭವಕ್ಕೆ ಅಂಕ ಕೊಟ್ಟು, ಶುಲ್ಕ ಬಿಟ್ಟು, ಪದವಿಗೆ ಸೇರಿಸಿಕೊಳ್ಳುವ ದಾರಿ ತೆರೆಯಬೇಕು. ತರಗತಿಯಲ್ಲಿ ಪಾಠ ಹೇಳಲೂ ಅವರನ್ನು ಕರೆಯಬೇಕು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ವಿಕಲಚೇತನರಿಗೆ ಕನಿಷ್ಠ ಶೇ 5 ಸೀಟು ಮೀಸಲು ಎಂದು 2016ರ ಕಾಯ್ದೆಯೇ ಹೇಳುತ್ತದೆ. ಆ ಸೀಟುಗಳು ಪುನರ್ವಸತಿ ಪದವಿಯಲ್ಲಿಯೇ ಮೊದಲು ತುಂಬಲಿ. ಈ ವರ್ಷ ಪಿಯುಸಿ ಮುಗಿಸುವ ಮಕ್ಕಳ ಮನೆಗಳಲ್ಲಿ, ಕಾಲೇಜುಗಳ ಮಾರ್ಗದರ್ಶನ ಶಿಬಿರಗಳಲ್ಲಿ ಈ ವೃತ್ತಿಯ ಹೆಸರೂ ಎಂಜಿನಿಯರಿಂಗ್‌ನಷ್ಟೇ ಗಟ್ಟಿಯಾಗಿ ಕೇಳಿಬರಬೇಕು.